ಚುಕ್ಕಿ ಹಾಲು ಬಿಟ್ಟ ದಿನ

ಲಿಖಿತ ಬಂದ ದಿನ ಹತ್ತನೇ ತರಗತಿಯ ಕಿಟಕಿಗಳನ್ನು ಯಾರಾದರೂ ತೆರೆಯುತ್ತಿದ್ದರು. ಚಳಿ ಇದ್ದರೂ ತೆರೆಯುತ್ತಿದ್ದರು. ಅವಳು ಕೊನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಜೂನ್ ತಿಂಗಳಲ್ಲಿ ಅವಳ ಪಕ್ಕದಲ್ಲಿ ರಾಧ ಇದ್ದಳು. ದಸರಾ ರಜೆ ಮುಗಿದ ಮೇಲೆ ಆ ಜಾಗದಲ್ಲಿ ಉಳಿದವರ ಬ್ಯಾಗುಗಳು ಇದ್ದವು.

ಅವಳು ಬರುವುದೇ ಅಪರೂಪವಾಗಿತ್ತು. ಒಂದು ದಿನ ಬಂದರೆ ಮೂರು ದಿನ ಇಲ್ಲ. ಬಂದ ದಿನವೂ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ಅರ್ಧ ಆದ ಮೇಲೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಡೈರಿ ಬಂತು ಕಣ್ರೋ" ಎಂದು ಹುಡುಗರ ಸಾಲಿನಿಂದ ಒಂದು ದನಿ ಬರುತ್ತಿತ್ತು. ಯಾರ ದನಿ ಎಂದು ನಾನು ಹುಡುಕುತ್ತಿರಲಿಲ್ಲ.

ನಾನು ಆ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಊರಿಗಾಂನಿಂದ ಬಂಗಾರಪೇಟೆ ಕಡೆಗೆ ಹೋಗುವ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಲಿಖಿತಳ ಊರು ಅದೇ ದಾರಿಯಲ್ಲಿದೆ.

"ಹಾಜರಿ ಹಿಂಗೇ ಆದ್ರೆ ಆ ಹುಡುಗಿಗೆ ಹಾಲ್ ಟಿಕೆಟ್ ಬರಲ್ಲ ಮೇಡಮ್" ಎಂದರು ಹೆಡ್‌ಮಾಸ್ಟರ್ ರಾಮಚಂದ್ರಪ್ಪ. "ಓದೋ ಹುಡುಗಿ. ಒಂಬತ್ತನೇ ಕ್ಲಾಸಲ್ಲಿ ಗಣಿತದಲ್ಲಿ ಅವಳೇ ಫಸ್ಟು. ನೀವು ಒಂದ್ಸಲ ಅವರ ಮನೆಗೆ ಹೋಗಿ ಬನ್ನಿ."

"ಯಾವನೋ ಪಯ್ಯ ಇರ್ತಾನೆ ಸರ್" ಎಂದರು ಡ್ರಿಲ್ ಮಾಸ್ಟರ್ ಕುಪ್ಪುಸ್ವಾಮಿ. ಅವರು ನಂದಿದುರ್ಗದ ಗಣಿ ಲೈನ್‌ಮನೆಗಳ ಕಡೆಯವರು, ಹುಡುಗ ಎನ್ನಲು ಬಾಯಿಗೆ ತಮಿಳಿನ ಪಯ್ಯನೇ ಬರುತ್ತಿತ್ತು.

"ನಿಮಗೆ ಎಲ್ಲಾದಕ್ಕೂ ಪಯ್ಯನೇ ಕಾರಣ. ಮೊನ್ನೆ ಬೋರ್‌ವೆಲ್ ಕೆಟ್ಟಿದ್ದಕ್ಕೂ ಪಯ್ಯ ಅಂದ್ರಿ."

"ಅದು ನಿಜವಾಗ್ಲೂ ಪಯ್ಯನೇ ಸರ್. ಪೈಪಿಗೆ ಕಲ್ಲು ಹಾಕಿದ್ದು ನಾನೇ ನೋಡ್ದೆ."

ಆ ಸಂಜೆ ನಾನು ಲಿಖಿತಳ ಊರಲ್ಲಿ ಇಳಿದೆ. ಮನೆಯ ಹಿಂದೆ ತಗಡಿನ ಕೊಟ್ಟಿಗೆ. ಅದರ ಮುಂದಿನ ಕಲ್ಲಿನ ಮೇಲೆ ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಳು. ಲಿಖಿತಳ ತಂದೆಯ ತಾಯಿ, ಕದಿರಮ್ಮ. ಒಳಗೆ ಒಬ್ಬ ಹೆಂಗಸು ಸೆರಗು ಹೊದ್ದು ಹಾಲು ಕರೆಯುತ್ತಿದ್ದಳು. ಕಂದು ಬಣ್ಣದ, ಹಳದಿ ಹೂವಿನ ಸೀರೆ. ಲಿಖಿತಳ ತಾಯಿ ಶ್ಯಾಮಲಾ ಶ್ರಾವಣದಲ್ಲಿ ಡೆಂಗಿ ಜ್ವರ ಬಂದು ತೀರಿಹೋಗಿದ್ದಳು. ಇದು ಯಾರೋ ನೆಂಟರಿರಬೇಕು ಎಂದುಕೊಂಡೆ.

"ನಮಸ್ಕಾರ ಅಜ್ಜಿ, ನಾನು ಸ್ಕೂಲಿಂದ..."

ಕದಿರಮ್ಮ ಬಾಯಿಯ ಮೇಲೆ ಬೆರಳಿಟ್ಟಳು. "ಮಾತಾಡ್ಬೇಡಿ ಟೀಚರಮ್ಮ. ಆಲು ಏರಿಸ್ಕಂಬಿಡ್ತದೆ."

ನಾನು ನಿಂತೆ. ಕ್ಯಾನಿನೊಳಗೆ ಹಾಲಿನ ಸದ್ದು ಮಾತ್ರ ಇತ್ತು. ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಕಪ್ಪು ಸೀಮೆ ಹಸು. ಕರೆಯುತ್ತಿದ್ದ ಹಾಗೆ ಅದು ಒಮ್ಮೆ ಕತ್ತು ತಿರುಗಿಸಿ ಆ ಹೆಂಗಸಿನ ಭುಜ ನೆಕ್ಕಿತು. ಸದ್ದು ನಿಂತ ಮೇಲೆ ಅವಳು ಎದ್ದಳು. ಸೆರಗು ಜಾರಿತು. ಲಿಖಿತ.

ನನ್ನನ್ನು ನೋಡಿ ಅವಳು ಕ್ಯಾನು ಹಿಡಿದುಕೊಂಡೇ ಡೈರಿಗೆ ಹೊರಟುಬಿಟ್ಟಳು. ಸೀರೆಯಲ್ಲೇ ಹೋದಳು. ನಿರಿಗೆ ದೊಡ್ಡವರಂತೆ ಎತ್ತಿ ಸಿಕ್ಕಿಸಿದ್ದಳು.

ಕದಿರಮ್ಮ ಹೇಳಿದಳು. "ಚುಕ್ಕಿ ಅಂತ ಇದರೆಸ್ರು. ಅವರಮ್ಮನ್ ಕೈ ಬಿಟ್ರೆ ಇನ್ನೊಬ್ಬರ್ ಕೈ ಕಂಡಿಲ್ಲ. ಕರೂನೂ ಉಳೀಲಿಲ್ಲ. ಅವ್ಳು ಸತ್ತಮ್ಯಾಲೆ ಯಾರ್ ಕುಂತ್ರೂ ಒದೀತು. ನನ್ ಮಗ ಕುಂತ. ಅವನ್ಗೂ ಒಂದ್ ಬಿಡ್ತು, ಇನ್ನೂ ಮಂಡಿ ಊತ ಐತೆ. ಕೆಚ್ಚಲು ಕಲ್ಲಾಗೋಯ್ತು. ರಾತ್ರಿಯೆಲ್ಲಾ ಅರಚ್ತು."

"ಡಾಕ್ಟರು?"

"ಬಂದಿದ್ರು. ಸೂಜಿ ಹಾಕಿ ಕರ್ಕಳ್ರಿ ಅಂದ ಇನ್ಯಾವನೋ. ದಿನಾ ಸೂಜಿ ಹಾಕುಸ್ಕಂಡ್ ಅಸು ಬಾಳ್ತದಾ? ಆಗಿನ್ ಕಾಲ್ದಾಗೆ ಕರು ಸತ್ರೆ ಅದರ್ ತೊಗಲಿಗೆ ಉಲ್ಲು ತುಂಬಿ ಮುಂದೆ ನಿಲ್ಲಿಸ್ತಿದ್ವಿ. ಅಸು ಅದನ್ನೇ ನೆಕ್ಕಂತಾ ಆಲು ಬಿಡ್ತಿತ್ತು. ಅದು ಗ್ಯಾಪ್ನ ಆಯ್ತು ನಂಗೆ. ಪಾಪಂಗೆ ಅವರಮ್ಮನ್ ಸೀರೆ ಉಡ್ಸಿ ಕೂರ್ಸಿದೆ. ಒಗೀದೆ ಇದ್ದುದ್ದು ಅದೊಂದೇ ಸೀರೆ ಇತ್ತು. ಚುಕ್ಕಿ ಮೂಸ್ತು. ಬಿಟ್ಬಿಡ್ತು."

ಅವಳು ತನ್ನ ಮಂಡಿಯನ್ನು ಒತ್ತಿಕೊಂಡಳು. ಅದು ಬಹಳ ವರ್ಷದಿಂದ ಮಡಚುವುದಿಲ್ಲವಂತೆ.

ಖಾಲಿ ಕ್ಯಾನು ಹಿಡಿದು ಲಿಖಿತ ಬಂದಳು. ದೂರದಲ್ಲೇ ನಿಂತಳು. ಹತ್ತಿರ ಬಾ ಎಂದೆ. ಬರಲಿಲ್ಲ.

"ವಾಸ್ನೆ ಬತ್ತದೆ ಮಿಸ್."

"ಸ್ನಾನ ಮಾಡಿ ಬರಬಹುದಲ್ಲ?"

"ಸೋಪು ಹಾಕ್ಕಂಡ್ರೆ ಚುಕ್ಕಿ ಬಿಡಲ್ಲ. ಒಂದಿನ ಶಾಂಪೂ ಹಾಕ್ಕಂಡಿದ್ದೆ. ಸಾಯಂಕಾಲ ಕ್ಯಾನು ಒದ್ದು ಬೀಳಿಸ್ತು. ಸೀರೇನೂ ಒಗೆಯಂಗಿಲ್ಲ."

ಅದಕ್ಕೇ ಕಿಟಕಿಗಳು. ಅದಕ್ಕೇ ತಡ. ಬೆಳಗ್ಗೆ ಕರೆದು, ಡೈರಿಯ ಸಾಲಿನಲ್ಲಿ ನಿಂತು, ಹುಲ್ಲು ಕೊಯ್ದು ಹಾಕಿ, ಅಜ್ಜಿಗೆ ನೀರು ಕಾಯಿಸಿಕೊಟ್ಟು, ಬರಿಯ ನೀರಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಸಂಜೆ ಸ್ಪೆಷಲ್ ಕ್ಲಾಸಿಗೆ ನಿಂತರೆ ಕರೆಯುವ ಹೊತ್ತು ಮೀರುತ್ತಿತ್ತು.

"ಬೇರೆ ಯಾರೂ ಕಲಿಯೋಕೆ ಆಗಲ್ವಾ?"

ಅವಳು ಮೊದಲ ಸಲ ತಲೆ ಎತ್ತಿದಳು. "ಆಗಲ್ಲ ಮಿಸ್. ನಂಗ್ ಮಾತ್ರ ಬಿಡ್ತದೆ. ನಾನು ಕುಂತ ತಕ್ಷಣ ತಿರುಗಿ ನೆಕ್ತದೆ. ಅಮ್ಮಂಗೂ ಇಲ್ಲೇ ನೆಕ್ತಿತ್ತು." ಭುಜ ಮುಟ್ಟಿ ತೋರಿಸಿದಳು. ಶಾಲೆಯಲ್ಲಿ ಆ ಮುಖ ನಾನು ನೋಡಿರಲಿಲ್ಲ.

ಹೊರಡುವಾಗ ಕದಿರಮ್ಮ, "ತಾಳಿ ಟೀಚರಮ್ಮ, ಕುಂಕುಮ ಇಕ್ಕಂಡೋಗಿ" ಎಂದು ಗೋಡೆ ಹಿಡಿದು ಏಳಲು ಹೋದವಳು ನನ್ನ ಬರಿಯ ಕತ್ತಿನ ಕಡೆ ನೋಡಿ ಮತ್ತೆ ಕೂತಳು. ಲಿಖಿತಳಿಗೆ ಹೇಳಿ ಎರಡು ಸೀಬೆಕಾಯಿ ಕೊಡಿಸಿದಳು.

ಭಾನುವಾರ ಮತ್ತೆ ಹೋದೆ. ಆ ದಿನ ಮಾತ್ರ ಲಿಖಿತಳ ತಂದೆ ಮುನಿರಾಜು ಮನೆಯಲ್ಲಿರುತ್ತಾನೆ. ವೈಟ್‌ಫೀಲ್ಡಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಅವನಿಗೆ ಗಿಡಗಳಿಗೆ ನೀರು ಹಾಕುವ ಕೆಲಸ. ನಸುಕಿನಲ್ಲೇ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತಾನೆ. ಇಳಿಯುವಾಗ ಕತ್ತಲಾಗಿರುತ್ತದೆ. ಪರೀಕ್ಷೆ, ಹಾಜರಿ, ಹಾಲ್ ಟಿಕೆಟ್ ಎಂದು ನಾನು ಹೇಳಬೇಕಾದದ್ದನ್ನು ಹೇಳಿದೆ. ಅವನು ಪೂರ್ತಿ ಕೇಳಿದ.

"ಮಾರ್ಬಿಡ್ತೀನಿ ಮೇಡಮ್."

"ಅಪ್ಪಾ" ಎಂದಳು ಲಿಖಿತ.

"ಸುಮ್ಕಿರು ಪಾಪ. ನಿಮ್ಮಮ್ಮಂಗೆ ನೀನು ಓದ್ಬೇಕು ಅಂತಿತ್ತು. ಸಗಣಿ ಬಾಚ್ಬೇಕು ಅಂತಿರ್ಲಿಲ್ಲ."

"ನಾನು ಎರಡೂ ಮಾಡ್ತೀನಿ."

"ಎಲ್ಲಿ ಮಾಡ್ದೆ? ಟೀಚರ್ನ ಮನೆ ಗಂಟ ಬರಂಗೆ ಮಾಡಿದ್ದೀಯ."

ಅವಳು ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅದೇ ಸರಿ ಎಂದು ಆಗ ತೋರಿತ್ತು. ಹಸು ಹೋದರೆ ಹುಡುಗಿ ಶಾಲೆಗೆ ಬರುತ್ತಾಳೆ.

ಮುಂದಿನ ಭಾನುವಾರ ಕೊಳ್ಳುವವರು ಬಂದರು. "ನೀವೂ ಇದ್ರೆ ಪಾಪ ಅಳಲ್ಲ" ಎಂದು ಮುನಿರಾಜು ಕರೆದಿದ್ದ. ಅವಳು ಅಳುವ ಹಾಗೆ ಕಾಣಲಿಲ್ಲ. ಬಂದವರಲ್ಲಿ ಒಬ್ಬ ಬಚ್ಚಪ್ಪ, ರೈಲು ಹಳಿಯ ಆಚೆಗಿನ ಹಳ್ಳಿಯವನು. ಇನ್ನೊಬ್ಬ ದಲ್ಲಾಳಿ ಮುನಿಸ್ವಾಮಪ್ಪ. ಸೀಮೆ ಹಸುವನ್ನು ಕಣ್ಣೆದುರು ಕರೆದು ತೋರಿಸದೆ ಇಲ್ಲಿ ಯಾರೂ ಕೊಳ್ಳುವುದಿಲ್ಲ. ಮುನಿಸ್ವಾಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ತಾನೇ ಕೂತ. ಚುಕ್ಕಿ ಕಾಲೆತ್ತಿತು. ಅವನು ಗೋಡೆಗೆ ಹೋಗಿ ಬಿದ್ದ.

"ಇದೇನಮ್ಮೋ, ಅಸೂನಾ ಪೊಲೀಸಾ?"

"ನಿನ್ ಮುಖ ನೋಡಿ ಯಾವ್ ಅಸು ಆಲು ಬಿಟ್ಟೀತು" ಎಂದಳು ಕದಿರಮ್ಮ. "ಎದ್ದು ಈಕಡೆ ಬಾ. ಪಾಪ ಕರೀತಾಳೆ."

ಲಿಖಿತ ಸೀರೆ ಉಟ್ಟು ಬಂದಳು. ಗಂಡಸರು ದೂರ ಸರಿದರು. ಅವಳು ಕೂತಳು. ಹಸು ತಿರುಗಿ ಭುಜ ನೆಕ್ಕಿತು. ಕ್ಯಾನು ತುಂಬಿತು.

ಬಚ್ಚಪ್ಪ ನೊರೆ ನೋಡಿದ. ಬೆರಳದ್ದಿ ಚಪ್ಪರಿಸಿದ. "ಆಲು ಚೆನ್ನಾಗೈತೆ. ನಮ್ಮನೇಗೆ ಬಂದು ಬಿಡ್ಬೇಕಲ್ಲ?"

"ಅಸು ತಕಂಡ್ರೆ ಹುಡ್ಗಿ ಫ್ರೀ ಅಂತ ಮಾಡಿ" ಎಂದ ಮುನಿಸ್ವಾಮಪ್ಪ, ಸೊಂಟ ಉಜ್ಜಿಕೊಳ್ಳುತ್ತಾ.

"ನಿನ್ ಬಾಯಿಗ್ ಮಣ್ಣಾಕ. ನಿನ್ ಬಾಯಾಗೆ ಎಷ್ಟ್ ಅಲ್ಲು ಉಳಿದವೆ ತೋರ್ಸು ಮೊದ್ಲು. ಆಮ್ಯಾಲೆ ಅಸೀನ್ ಅಲ್ಲು ನೋಡುವಂತೆ" ಎಂದಳು ಕದಿರಮ್ಮ.

ಎಲ್ಲರೂ ನಕ್ಕರು. ಮುನಿರಾಜು ಕೂಡ. ಬಚ್ಚಪ್ಪ ನಗು ಮುಗಿಯಲೆಂದು ಕಾದ. ಒಳ್ಳೆಯ ಮನುಷ್ಯ.

"ತಮಾಸೆ ಅಲ್ಲ ಅಣ್ಣ. ಪಾಪ ಒಂದೆಂಟು ದಿನ ನಮ್ಮನೇಲಿರ್ಲಿ. ನಮ್ಮನೇವ್ಳಿಗೂ ಒಂದು ಮಗಳಿದ್ದಂಗೆ. ಅವ್ಳಿಗೂ ಅಸೀಗೂ ಕೈ ಕೂಡಿಸ್ಕೊಡ್ಲಿ. ಕೂಡಿದ್ಮ್ಯಾಲೆ ನಾನೇ ಗಾಡೀಲಿ ತಂದ್ ಬಿಡ್ತೀನಿ." ಸ್ವಲ್ಪ ತಡೆದು ಹೇಳಿದ. "ಸೀರೇನೂ ಕೊಟ್ಬಿಡಿ."

ಹಸು ಮಾರಿದವರು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ಮಾತಿದೆ. ಅದಕ್ಕಾಗಿ ಬಚ್ಚಪ್ಪ ತನ್ನದೇ ಹೊಸ ಹಗ್ಗ ತಂದಿದ್ದ. ಸೀರೆಯ ಬಗ್ಗೆ ಯಾವ ಮಾತೂ ಇರಲಿಲ್ಲ.

ಮುನಿರಾಜು ನೆಲ ನೋಡಿದ. ಕದಿರಮ್ಮ ಸೊಸೆಯ ಸೀರೆ ಉಟ್ಟ ಮೊಮ್ಮಗಳನ್ನು ನೋಡಿದಳು. "ಕೊಡ್ಲೇಬೇಕಲ್ಲಪ್ಪ. ಇಲ್ದಿದ್ರೆ ಆ ಮೂಗುಪ್ರಾಣಿ ಕೆಚ್ಚಲು ಕಟ್ಟಿ ಸಾಯ್ತದೆ" ಎಂದಳು.

"ಮಿಸ್, ಎಂಟು ದಿನ ಸ್ಕೂಲು?" ಎಂದು ಲಿಖಿತ ನನ್ನನ್ನು ಕೇಳಿದಳು.

"ಹೆಡ್‌ಮಾಸ್ಟರಿಗೆ ನಾನು ಹೇಳ್ತೀನಿ. ಬಂದ ಮೇಲೆ ಒಂದು ದಿನವೂ ತಪ್ಪಿಸಬೇಡ."

"ತಪ್ಪಿಸಲ್ಲ ಮಿಸ್."

ಹಸು ಮುಂದೆ, ಅವಳು ಹಿಂದೆ, ಹಳಿಯ ಕಡೆಗೆ ನಡೆದುಹೋದರು.

ಎಂಟು ದಿನ ಬೇಕಾಗಲಿಲ್ಲ. ವಾರ ತುಂಬುವ ಮೊದಲೇ ಬಚ್ಚಪ್ಪ ಅವಳನ್ನು ಗಾಡಿಯಲ್ಲಿ ತಂದು ಬಿಟ್ಟನಂತೆ. ಒಂದು ಹೊಸ ಚೂಡಿದಾರ್ ಕೊಡಿಸಿದ್ದನಂತೆ.

ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಲಿಖಿತ ಇದ್ದಳು. ಒಗೆದ ಯೂನಿಫಾರ್ಮು, ಎರಡು ಜಡೆ, ರಿಬ್ಬನ್. ಅವಳ ಹತ್ತಿರ ಹೋದರೆ ಸೋಪಿನ ವಾಸನೆ. ಅದೂ ಸ್ವಲ್ಪ ಹೆಚ್ಚೇ. ತರಗತಿಯಲ್ಲಿ ಯಾರೂ ಕಿಟಕಿ ತೆರೆಯಲಿಲ್ಲ. ರಾಧ ಬ್ಯಾಗುಗಳನ್ನು ತೆಗೆದು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಹುಡುಗರ ಸಾಲಿನಿಂದ ದನಿ ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತು ಮೊಟ್ಟೆ ತಿಂದಳು. "ನೋಡಿದ್ರಾ ಮೇಡಮ್, ಎಷ್ಟು ಸುಲಭ ಇತ್ತು" ಎಂದರು ಹೆಡ್‌ಮಾಸ್ಟರ್. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು.

ಕೊನೆಯ ಪೀರಿಯಡ್ ನನ್ನದು. ನದಿಗಳ ನಕ್ಷೆ ಬರೆಯಲು ಹೇಳಿದ್ದೆ. ಹಾಲು ಕರೆಯುವ ಹೊತ್ತಾಗುತ್ತಿತ್ತು. ಲಿಖಿತಳ ಪೆನ್ಸಿಲ್ ಬೆಂಚಿನ ಮೇಲಿತ್ತು. ಅವಳ ಎರಡು ಕೈಗಳೂ ಮಡಿಲಲ್ಲಿದ್ದವು. ಮುಷ್ಟಿ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಒಂದು ಕೈ ಆದ ಮೇಲೆ ಇನ್ನೊಂದು. ರಾಧ ಅದನ್ನು ನೋಡಿ ನನ್ನನ್ನು ನೋಡಿದಳು.

ಮರುದಿನ ಲಿಖಿತ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರವೆಲ್ಲ ಇಲ್ಲ.

"ಈಗೇನಂತೆ?" ಎಂದರು ಹೆಡ್‌ಮಾಸ್ಟರ್. "ಹಸು ಮಾರಿದ್ದಾಯ್ತಲ್ಲ."

ಕುಪ್ಪುಸ್ವಾಮಿ ಈ ಸಲ ಪಯ್ಯನ ಹೆಸರೆತ್ತದೆ ಮೈದಾನಕ್ಕೆ ಹೋದರು.

ನಾನು ಹೋದಾಗ ಕದಿರಮ್ಮ ಅದೇ ಕಲ್ಲಿನ ಮೇಲಿದ್ದಳು. "ಬನ್ನಿ ಟೀಚರಮ್ಮ. ನೀವಾದ್ರೂ ಕೇಳಿ. ಅನ್ನ ಉಣ್ಣಲ್ಲ, ಮಾತಾಡಲ್ಲ. ಬೆಳಗ್ಗೆ ಅದೇ ಒತ್ತಿಗೆ ಎದ್ದು ಕೊಟ್ಟಿಗೇಲಿ ಕುಂತ್ಕಂತಾಳೆ. ಗಾಳಿ ಏನಾದ್ರೂ ತಾಕ್ತೇನೋ ಅಂತ ಮಾರಿಯಮ್ಮನ ಗುಡೀಗೂ ಕರ್ಕಂಡೋಗಿ ತಾಯತ ಕಟ್ಟಿಸ್ದ ನನ್ ಮಗ."

ಲಿಖಿತ ಕೊಟ್ಟಿಗೆಯಲ್ಲಿದ್ದಳು. ನೆಲ ಒಣಗಿತ್ತು. ಗೋಡೆಗೆ ಒರಗಿ ಕೂತಿದ್ದಳು. ತೋಳಲ್ಲಿ ಕಪ್ಪು ದಾರದ ತಾಯತ. ನಾನೂ ಕೂತೆ.

"ಯಾರಾದ್ರೂ ಏನಾದ್ರೂ ಅಂದ್ರಾ ಕ್ಲಾಸಲ್ಲಿ?"

"ಇಲ್ಲ ಮಿಸ್. ಎಲ್ರೂ ಚೆನ್ನಾಗೇ ಮಾತಾಡಿಸಿದ್ರು."

"ಮತ್ತೆ?"

"ಬತ್ತೀನಿ ಅಂತ್ಲೇ ಏಳ್ತೀನಿ ಮಿಸ್. ಯೂನಿಫಾರ್ಮ್ ಹಾಕ್ಕಂತೀನಿ. ಆಮೇಲೆ ಆಗಲ್ಲ."

"ಏನಾಗಲ್ಲ?"

ಅವಳು ಯೋಚಿಸಿದಳು. ಹೇಳಲು ಇಷ್ಟವಿಲ್ಲದೆ ಅಲ್ಲ, ಹುಡುಕಿದಳು. ಸಿಗಲಿಲ್ಲ. "ಗೊತ್ತಿಲ್ಲ. ಕಾಲು ಬರಲ್ಲ."

"ಬಚ್ಚಪ್ಪನವರ ಮನೇಲಿ ಏನಾದ್ರೂ ಆಯ್ತಾ?"

"ಇಲ್ಲ ಮಿಸ್. ಒಳ್ಳೇವ್ರು. ಆ ಆಂಟಿ, ವೆಂಕಟರತ್ನಮ್ಮ ಅಂತ, ದಿನಾ ಅವರ ಕೈಯಾರೆ ಬಡಿಸೋರು." ಅವಳು ನೆಲದ ಮೇಲೆ ಬೆರಳಾಡಿಸಿದಳು. "ಮೊದಲೆರಡು ದಿನ ನಾನೇ ಸೀರೆ ಉಟ್ಕಂಡು ಕರೆದೆ. ಆಂಟಿ ಪಕ್ಕದಲ್ಲಿ ನಿಂತಿರೋರು. ಆಮೇಲೆ ಸೀರೆ ಅವರು ಉಟ್ಕಂಡ್ರು. ನಾನು ಬಾಗ್ಲಲ್ಲಿ ನಿಂತ್ಕಂಡೆ, ಒದೆಯಕ್ಕೆ ಬಂದ್ರೆ ಹಿಡ್ಕಳಾಣ ಅಂತ."

"ಒದೀತಾ?"

"ಇಲ್ಲ." ಬೆರಳು ನಿಂತಿತು. "ಕುಂತ ತಕ್ಷಣ ತಿರುಗ್ತು. ಆಂಟಿ ಭುಜ ನೆಕ್ತು. ಬಿಟ್ಬಿಡ್ತು, ಕ್ಯಾನು ತುಂಬಾ. ನಾನು ಅಲ್ಲೇ ಬಾಗ್ಲಲ್ಲೇ ಇದ್ದೆ ಮಿಸ್. ಚೂಡಿದಾರಲ್ಲಿದ್ದೆ. ನನ್ ಕಡೆ ನೋಡ್ಲೇ ಇಲ್ಲ."

ಹೊರಗೆ ಕದಿರಮ್ಮ ಕೆಮ್ಮಿದಳು.

"ನನ್ನೇ ಗುರ್ತು ಹಿಡೀತದೆ ಅಂದ್ಕಂಡಿದ್ದೆ. ಅದು ಸೀರೆಗೆ ಕೊಡ್ತಿತ್ತು. ಯಾರುಟ್ರೂ ಕೊಡ್ತಿತ್ತು."

"ಲಿಖಿತಾ."

"ಆಂಟಿ ಎದ್ರು. ಹಿಂದ್ಗಡೆಯಿಂದ ನೋಡಿದ್ರೆ ಅಮ್ಮನೇ. ತಿರುಗಿ ಬಂದು ಖುಷೀಲಿ ನನ್ನ ತಬ್ಕಂಡ್ರು. ಆಗ ನಾನೂ ಚುಕ್ಕಿ ತರ ಮೂಸ್ದೆ." ಅವಳು ತೋಳಿನ ತಾಯತವನ್ನು ತಿರುಗಿಸಿದಳು. "ಅಮ್ಮನ್ ವಾಸ್ನೆ ಅದರಲ್ಲಿತ್ತು ಮಿಸ್. ಈಗ ಅವರ್ದು ಆಗಿರ್ತದೆ."

ಎರಡು ವರ್ಷದ ಹಿಂದೆ ಗಂಡ ತೀರಿದಾಗ ಜನ ನನಗೆ ಬಹಳ ಮಾತು ಹೇಳಿದ್ದರು. ಅದರಲ್ಲಿ ಇವಳಿಗೆ ಹೇಳಬಹುದಾದ ಒಂದನ್ನು ಹುಡುಕಿದೆ. ಉಪಯೋಗಕ್ಕೆ ಬರುವಂಥದ್ದು ಯಾವುದೂ ಇರಲಿಲ್ಲ. ಕೊನೆಗೆ ಪರೀಕ್ಷೆಯ ಮಾತನ್ನೇ ಹೇಳಿದೆ. ಇನ್ನೂ ದಿನಗಳಿವೆ, ಈಗಿಂದ ದಿನಾ ಬಂದರೆ ಹೆಡ್‌ಮಾಸ್ಟರು ಹೇಗಾದರೂ ಮಾಡುತ್ತಾರೆ, ನಾಳೆ ನಾನು ಬರುವ ಬಸ್ಸಿಗೇ ಬಾ, ಜೊತೆಯಲ್ಲಿ ಹೋಗೋಣ ಎಂದೆ.

"ಬತ್ತೀನಿ ಮಿಸ್" ಎಂದಳು. ಸುಳ್ಳು ಹೇಳಲಿಲ್ಲ. ಹಾಗೆಂದೇ ಅವಳು ಅಂದುಕೊಂಡಿದ್ದಳು.

ಬೆಳಗ್ಗೆ ಬಸ್ಸು ಅವಳ ಊರಿನಲ್ಲಿ ನಿಂತಾಗ ಅವಳು ತಂಗುದಾಣದಲ್ಲಿದ್ದಳು. ಯೂನಿಫಾರ್ಮು, ಜಡೆ, ಮಡಿಲಲ್ಲಿ ಬ್ಯಾಗು. ನಾನು ಕಿಟಕಿಯಿಂದ ಕೈ ಬೀಸಿದೆ. ಅವಳೂ ಬೀಸಿದಳು. ಎದ್ದು ನಿಂತಳು. ಹಾಲಿನ ಖಾಲಿ ಕ್ಯಾನು ಹಿಡಿದಿದ್ದ ಹೆಂಗಸರು ಇಬ್ಬರು ಅವಳನ್ನು ದಾಟಿ ಹತ್ತಿದರು.

"ಬತ್ತೀಯೇನಮ್ಮಾ? ಫ್ರೀ ಬಸ್ಸಿಗೂ ಯೋಚ್ನೆ ಮಾಡ್ತೀಯಲ್ಲ" ಎಂದ ಕಂಡಕ್ಟರ್.

ಅವಳು ಫುಟ್‌ಬೋರ್ಡನ್ನು ನೋಡುತ್ತಾ ನಿಂತಿದ್ದಳು. ಕಂಡಕ್ಟರ್ ಸೀಟಿ ಹೊಡೆದ. ನಾನು ತಡೆಯಲು ಹೇಳಿ ಇಳಿದೆ. ಬಸ್ಸು ಹೋಯಿತು.

ಇಬ್ಬರೂ ತಂಗುದಾಣದ ಸಿಮೆಂಟ್ ಬೆಂಚಿನ ಮೇಲೆ ಕೂತೆವು. ಎದುರಿನ ಅಂಗಡಿಯವನು ಬಾಗಿಲು ತೆರೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ. ನಿಧಾನಕ್ಕೆ ಬಿಸಿಲು ನಮ್ಮ ಕಾಲಿನವರೆಗೆ ಬಂತು. ನನ್ನ ಮೊದಲ ಪೀರಿಯಡ್ ಶುರುವಾಗಿರಬೇಕು. ಬೇರೆ ಯಾರಾದರೂ ಹೋಗಿ ಸುಮ್ಮನೆ ಕೂರಿ ಎಂದು ಮಕ್ಕಳಿಗೆ ಹೇಳಿರುತ್ತಾರೆ.

"ನೀವು ಓಗಿ ಮಿಸ್. ನಿಮ್ಗೆ ಲೇಟಾಯ್ತದೆ."

"ನೀನು?"

"ಇಲ್ಲೇ ಕುಂತಿರ್ತೀನಿ. ಸಾಯಂಕಾಲ ಮನೇಗೆ ಓಯ್ತೀನಿ. ಅಪ್ಪ ಕೇಳಿದ್ರೆ ಓಗಿದ್ದೆ ಅಂತೀನಿ."

ಎರಡನೇ ಬಸ್ಸು ಬಂತು. ಅದರಲ್ಲಿ ಜಾಗವಿತ್ತು. ನಾನು ಅವಳ ಕೈ ಹಿಡಿದು ಎಬ್ಬಿಸಿದೆ. ಬಾಗಿಲ ತನಕ ಬಂದಳು. ಅಲ್ಲಿ ಅವಳ ಕೈ ನನ್ನ ಕೈಯಿಂದ ತಾನಾಗಿ ಜಾರಿತು, ಎಳೆದುಕೊಂಡದ್ದಲ್ಲ.

ನಾನು ಹತ್ತಿದೆ. ಅವಳು ಹತ್ತಲಿಲ್ಲ.